ವ್ಯಾನಿನ ಗಾಜು ಆರಿಸಿದವಳು

ಮಕ್ಕಳು ಅವಳಿಗೆ ಬ್ರೇಕ್ ಆಂಟಿ ಎಂದು ಹೆಸರಿಟ್ಟಿದ್ದರು. ನಾಯಿ ರಸ್ತೆಗೆ ಇಳಿಯುವ ಮೊದಲೇ ಬ್ರೇಕ್ ಒತ್ತುವವಳು. ಹನ್ನೊಂದು ವರ್ಷದಿಂದ ಶಾಲಾ ವ್ಯಾನ್ ಓಡಿಸುತ್ತಿದ್ದರೂ ಒಂದು ಮಗುವಿಗೂ ತರಚುಗಾಯ ಆಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ವ್ಯಾನಿನಲ್ಲಿ ಅರ್ಧ ಪಾಲು ಅವಳದು, ಇನ್ನರ್ಧ ಮೈದುನನದು. ಹಗಲು ಶಾಲೆಯ ಮಕ್ಕಳು ಅವಳಿಗೆ, ಸಂಜೆಯ ಬಾಡಿಗೆ ಅವನಿಗೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಸೀಟು ಹಿಂದೆ ತಳ್ಳಿದ್ದಕ್ಕೂ ಜಗಳ, ಕನ್ನಡಿ ತಿರುಗಿಸಿದ್ದಕ್ಕೂ ಜಗಳ.

ಆ ಬೇಸಿಗೆಯಲ್ಲಿ ಅವಳ ಬಲಗೆನ್ನೆ, ಬಲ ಮುಂಗೈ ಮೇಲೆ ಕಪ್ಪು ಕಲೆಗಳು ಎದ್ದವು. ಕಿಟಕಿಯ ಬಿಸಿಲು ಬೀಳುತ್ತಿದ್ದುದು ಆ ಮಗ್ಗುಲಿಗೇ. ಗಾಜಿಗೆ ಶಾಖ ತಡೆಯುವ ಫಿಲ್ಮು ಹಾಕಿಸಿ ಎಂದರು ಚರ್ಮದ ಡಾಕ್ಟರು. ಅದೇ ವಾರ ಹಿಂದಿನ ಸೀಟಿನ ಪುಟ್ಟ ಹುಡುಗಿ ಸೆಕೆ ತಾಳದೆ ವಾಂತಿ ಮಾಡಿಕೊಂಡಳು. ಬ್ರೇಕ್ ಆಂಟಿ ಮೈದುನನಿಗೆ ಎರಡೂ ವಿಷಯ ತಿಳಿಸಿದಳು.

"ನನಗೆ ಬಿಡಿ ಅತ್ತಿಗೆ. ಗಾಡಿ ವಿಷಯ ನಿಮಗೇನು ಗೊತ್ತಾಗುತ್ತೆ," ಎಂದ.

ಭಾನುವಾರ ಅವನೊಬ್ಬನೇ ಹೋಗಿ ಎಲ್ಲ ಗಾಜಿಗೂ ಕಡುಕಪ್ಪು ಫಿಲ್ಮು ಅಂಟಿಸಿಕೊಂಡು ಬಂದ. ಕಪ್ಪಾದಷ್ಟೂ ತಂಪು ಎಂದು ಅವನು ನಂಬಿದ್ದ. ಸೋಮವಾರ ಬೆಳಿಗ್ಗೆ ಮೋಡ ಕವಿದಿತ್ತು. ಶಾಲೆಯ ಮುಂದೆ ವ್ಯಾನ್ ಹಿಂದಕ್ಕೆ ತೆಗೆಯುವಾಗ ಹಿಂದಿನ ಗಾಜಿನಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಯಾರೋ ಕಿರುಚಿದ್ದು ಕೇಳಿ ಬ್ರೇಕ್ ಒತ್ತಿದಳು. ಇಳಿದು ನೋಡಿದರೆ, ಚಕ್ರದಿಂದ ಒಂದು ಗೇಣು ಆಚೆ ಎರಡನೇ ತರಗತಿಯ ಮಗು ಬಿದ್ದ ಪೆನ್ಸಿಲ್ ಹೆಕ್ಕುತ್ತ ಕೂತಿತ್ತು. ಮಗುವಿನ ತಾಯಿ ಬಾಯಿಗೆ ಬಂದಂತೆ ಬೈದಳು.

ಬ್ರೇಕ್ ಆಂಟಿ ಮನೆಗೆ ಬಂದವಳೇ ಗಾಜಿಗೆ ಸೋಪಿನ ನೀರು ಚಿಮುಕಿಸಿ, ಅಂಚು ಎಬ್ಬಿಸಿ, ಫಿಲ್ಮನ್ನೆಲ್ಲ ಎಳೆದು ಹಾಕಿದಳು. ಉಗುರು ಸೀಳಿ ರಕ್ತ ಬಂದರೂ ಕೈ ನಿಲ್ಲಲಿಲ್ಲ. ಮೈದುನ ಓಡಿ ಬಂದ.

"ತಲೆ ಕೆಟ್ಟಿದೆಯಾ ನಿಮಗೆ? ನಿನ್ನೆ ತಾನೇ ಹಾಕಿಸಿದ್ದು."

"ಇವತ್ತು ಒಂದು ಮಗು ಹೋಗ್ತಿತ್ತು. ಇನ್ನೊಂದು ಸಲ ನನ್ನ ಕೇಳದೆ ಈ ಗಾಜು ಮುಟ್ಟಿದರೆ ನೆಟ್ಟಗಿರಲ್ಲ."

"ಬಿಸಿಲು ಬೇಡ ಅಂದೋರು ನೀವೇ."

"ಬಿಸಿಲು ಬೇಡ ಅಂದೆ. ಕಣ್ಣು ಬೇಡ ಅಂದೆನಾ?"

ಮರುದಿನ ಇಬ್ಬರೂ ಮುಖ ತಿರುಗಿಸಿಕೊಂಡೇ ಫಿಲ್ಮಿನ ಅಂಗಡಿಗೆ ಹೋದರು. ಅಂಗಡಿಯವನು ಅವಳತ್ತ ನೋಡದೆ ಮೈದುನನಿಗೆ ಬಣ್ಣದ ಫಿಲ್ಮಿನ ತುಂಡುಗಳನ್ನು ತೋರಿಸತೊಡಗಿದ.

"ಮಕ್ಕಳನ್ನ ಕರ್ಕೊಂಡು ಹೋಗೋದು ನಾನು. ಮಾತು ನನ್ನ ಹತ್ತಿರ ಆಡಿ," ಎಂದಳು.

ಯಾವ ಫಿಲ್ಮು ಎಷ್ಟು ಶಾಖ ತಡೆಯುತ್ತದೆಂದು ತೋರಿಸಲು ಅಂಗಡಿಯವನು ಶಾಖದ ದೀಪ ಹೊತ್ತಿಸಿದ. ಕಪ್ಪು ಫಿಲ್ಮಿನ ಗಾಜಿನ ಹಿಂದೆ ಅವಳು ಕೈ ಇಟ್ಟಳು. ನಿಮಿಷದೊಳಗೆ ಅಂಗೈ ಚುರುಗುಟ್ಟಿತು. ಹೆಚ್ಚುಕಡಿಮೆ ಬಣ್ಣವೇ ಇಲ್ಲದ, ಬೆಳಕು ಬಿಟ್ಟು ಶಾಖ ತಡೆಯುವ ಸೆರಾಮಿಕ್ ಫಿಲ್ಮಿನ ಹಿಂದೆ ಇಟ್ಟಾಗ ಬರೀ ಬೆಚ್ಚಗಾಯಿತು. ಮೈದುನನ ಮಣಿಕಟ್ಟು ಹಿಡಿದು ಕಪ್ಪು ಗಾಜಿನ ಹಿಂದೆ ಎಳೆದಳು. ಅವನು ಕೈ ಕಿತ್ತುಕೊಂಡ.

"ದೀಪದಲ್ಲೇ ಏನೋ ಮೋಸ ಇದೆ," ಎಂದು ಗೊಣಗಿದ.

ಬೆಳಕು ಎಷ್ಟು ಒಳಗೆ ಬರುತ್ತದೆ, ಅದು ಸಾರಿಗೆ ನಿಯಮಕ್ಕೆ ಸಾಲುತ್ತದೆಯೇ ಎಂದು ಅಂಗಡಿಯವನನ್ನು ಕೇಳಿದಳು. ಅವನು ಬೆಳಕು ಅಳೆಯುವ ಮೀಟರ್ ಹಿಡಿದು ತೋರಿಸಿದ. ಆ ಅಂಕಿಯನ್ನು ರಸೀದಿಯ ಮೇಲೆ ಬರೆಸಿಕೊಂಡು, ಸೆರಾಮಿಕ್ ಫಿಲ್ಮನ್ನೇ ಹಾಕಿಸಿದಳು.

ಒಂದು ತಿಂಗಳಲ್ಲಿ ಕೆನ್ನೆಯ ಕಲೆ ಹರಡುವುದು ನಿಂತಿತು. ಮಧ್ಯಾಹ್ನ ಮಕ್ಕಳು ರಗಳೆ ಮಾಡದೆ ಕೂರತೊಡಗಿದರು. ಒಂದು ಸಂಜೆ ಮನೆಯ ಮುಂದೆ ವ್ಯಾನಿನಿಂದ ಇಳಿದ ಬಾಡಿಗೆಯವರು ಒಳಗೆ ತಂಪಾಗಿದೆ ಎಂದು ಹೊಗಳಿದಾಗ ಮೈದುನ, "ಹತ್ತು ಅಂಗಡಿ ತಿರುಗಿ ನಾನೇ ಆರಿಸಿದ್ದು ಸಾರ್," ಎನ್ನುತ್ತಿದ್ದುದು ಅವಳಿಗೆ ಕೇಳಿತು.

ಮೆಟ್ಟಿಲಿಳಿದು ಬಂದು, "ಆರಿಸಿದ್ದು ನಾನು. ಇವನು ಹಾಕಿಸಿದ್ದನ್ನ ಕಿತ್ತು ಬಿಸಾಕಿದ್ದೂ ನಾನೇ," ಎಂದಳು.

ಮೈದುನನ ಮುಖ ಕೆಂಪೇರಿತು. ಅದಾದ ಮೇಲೆ ಅವನು ಅವಳೊಂದಿಗೆ ಮಾತಾಡಲಿಲ್ಲ. ಮಳೆಗಾಲದ ಹೊತ್ತಿಗೆ ತನ್ನ ಪಾಲನ್ನು ಅವಳಿಗೇ ಬಿಟ್ಟುಕೊಟ್ಟು ಬೇರೆ ಕಡೆ ಡ್ರೈವರ್ ಕೆಲಸಕ್ಕೆ ಸೇರಿದ. ಅವನು ಹೋಗುವಾಗ ಅವಳು ಬಾಗಿಲಿಗೂ ಬರಲಿಲ್ಲ. ಸಂಜೆಯ ಬಾಡಿಗೆಯನ್ನೂ ತಾನೇ ಓಡಿಸತೊಡಗಿದಳು.