ಮದುವೆಗೆ ಹೋದ ದಂಡು

ಈ ಮದುವೆಯನ್ನು ನಾನು ಕಣ್ಣಾರೆ ಕಂಡೆನೋ, ಇಷ್ಟು ವರ್ಷ ಮಂದಿಗೆ ಹೇಳುತ್ತ ಹೇಳುತ್ತ ಚೆಂದವಾಗಿ ಕಟ್ಟಿಕೊಂಡೆನೋ, ನನಗೆ ಬಹಳ ದಿನ ಖಾತ್ರಿಯಿರಲಿಲ್ಲ. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿದವನು. ಸಾಕ್ಷಿ ಹೇಳುವವರ ನೆನಪು ಹೇಗೆ ಜಾರುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದಿದ್ದೇನೆ. ನನ್ನದೇ ನೆನಪಿನ ಮುಂದೆ ಕೂತಾಗ ಆ ಓದು ಒಂದೇ ಕೆಲಸ ಮಾಡುತ್ತದೆ: ಯಾವುದನ್ನೂ ನೆಮ್ಮದಿಯಿಂದ ನಂಬಗೊಡುವುದಿಲ್ಲ.

ಅದರ ಮೇಲೆ ಇನ್ನೊಂದು ತೊಡಕು. ಮದುವೆಯಾದ ಗಂಡು ಹೆಣ್ಣು ಇಬ್ಬರೂ ಈ ಭೂಮಿಯ ಮೇಲೆ ಇದ್ದವರಲ್ಲ. ಅದು ಆಟ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ನಾಲ್ಕು ಮಂದಿ ಭಾನುವಾರ ಮಧ್ಯಾಹ್ನ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಲೇಥ್ ಅಂಗಡಿಯ ಅಟ್ಟದ ಮೇಲೆ ಸೇರುತ್ತಿದ್ದೆವು. ಅಂಗಡಿ ಗೆಳೆಯನೊಬ್ಬನ ತಂದೆಯದು. ಅವರ ಮನೆ ಹಳೇ ಹುಬ್ಬಳ್ಳಿಯಲ್ಲಿ. ಮುಂಬಯಿಯಲ್ಲಿದ್ದ ದೊಡ್ಡಪ್ಪನ ಮಗನ ಕಡೆಯಿಂದ ಗೆಳೆಯನಿಗೆ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಬಂದಿತ್ತು. ಅರ್ಧ ಪುಟಗಳಿರಲಿಲ್ಲ. ಉಳಿದರ್ಧದಲ್ಲಿ ಕೋಟೆಗಳು, ಸರದಾರರು, ಬೆಂಕಿ ಉಗುಳುವ ಹಾವುಗಳು. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಬೇಕು, ಆ ಪಾತ್ರದ ಬಾಯಿಂದಲೇ ಮಾತಾಡಬೇಕು. ಆಟ ನಡೆಸುವವನು ಉಳಿದ ಜಗತ್ತೆಲ್ಲ ತಾನಾಗಿ ಉತ್ತರ ಕೊಡುತ್ತಾನೆ. ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ದಾಳ ಅಂದರೆ ಆರು ಮೂಲೆಯ ಹಿತ್ತಾಳೆ ಸರಳಿನ ತುಂಡು, ಕೆಳಗಿನ ಅಂಗಡಿಯಲ್ಲೇ ಕತ್ತರಿಸಿ ಅಂಕಿ ಹೊಡೆದದ್ದು.

ಗೆಳೆಯನನ್ನು ನಾವು ಮಾಲಕ ಎನ್ನುತ್ತಿದ್ದೆವು, ನಾಟಕ ಕಂಪನಿಯ ಮಾಲಕನ ಹಾಗೆ. ಅವನು ಆ ಪುಸ್ತಕದ ದೇಶವನ್ನು ಒಂದೇ ವಾರದಲ್ಲಿ ನಮ್ಮ ಕಡೆಗೆ ಎಳೆದುಕೊಂಡ. ಸರದಾರ ದೇಸಾಯಿಯಾದ. ಕೋಟೆಯ ಕೆಳಗೆ ಕಮ್ಮಾರರ ಓಣಿ ಬಂತು. ಹಾವು ಮಾತ್ರ ಹಾಗೇ ಉಳಿಯಿತು. ಒಂದು ಮಾತಾಡುವ ಕುದುರೆಯೂ ಇತ್ತು.

ಅಮರಗೋಳದ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇದ್ದವರ ಮಗನೊಬ್ಬ ಸತ್ತ ದೇಸಾಯಿಯ ತಮ್ಮನಾಗಿದ್ದ, ಕೋಟೆಯ ಕಾರಭಾರವೆಲ್ಲ ಅವನದು. ಅವನ ಹೆಸರೇ ಕಾಕಾ ಎಂದಾಯಿತು. ದೇಸಾಯರ ಮಗಳಾಗಿದ್ದವಳು ನನ್ನ ಜೊತೆ ಎಂ.ಎ. ಓದುತ್ತಿದ್ದವಳು, ಹುಬ್ಬಳ್ಳಿಯವಳೇ. ಮನೆಯಲ್ಲಿ ನೋಟ್ಸ್ ತರುತ್ತೇನೆಂದು ಹೇಳಿ ಬರುತ್ತಿದ್ದಳು. ಆಟದ ಹೊರಗೆ ಕಾಕಾ ಅವಳಿಗೆ ‘ನೀವು, ರೀ’ ಎನ್ನುತ್ತಿದ್ದ. ಆಟ ಶುರುವಾದ ಕೂಡಲೇ ‘ಏನವಾ, ಎಲ್ಲಿ ಹೊಂಟಿ?’ ಎಂದು ಗದರುತ್ತಿದ್ದ. ನಾನು ಗುಡಿಯ ಪೂಜಾರಿ. ದೇವರನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದರೂ ಆ ಪಾತ್ರ ಯಾರಿಗೂ ಬೇಡವಾಗಿತ್ತು.

ನಕ್ಷೆಯನ್ನು ಒಂದು ದೊಡ್ಡ ಕ್ಯಾಲೆಂಡರಿನ ಹಿಂಬದಿಗೆ ಬರೆದಿದ್ದೆವು. ಊರ ಮಂದಿಗೆ ಹುಣಸೆಬೀಜ. ಕೋಟೆಯ ದಂಡಿಗೆ ಜೋಳ; ಅದನ್ನು ಕಾಕಾನೇ ಅಂಗಡಿಯ ಮಾದರಿ ಚೀಲದಿಂದ ತಂದಿದ್ದ, ಒಂದೊಂದು ಕಾಳಿಗೆ ಒಬ್ಬೊಬ್ಬ ಸಿಪಾಯಿ. ದಂಡು ಅವನದಾದ್ದರಿಂದ ಜೋಳ ಸದಾ ಅವನ ಮುಂದಿನ ತಾಟಿನಲ್ಲೇ ಇರುತ್ತಿತ್ತು. ಅವನು ಏಣಿಯ ಕಡೆ ಕೂಡುತ್ತಿದ್ದ, ಅವಳು ಎದುರಿಗೆ ಕಿಟಕಿಯ ಕಡೆ.

ಒಂದು ಭಾನುವಾರ ಅವಳು ಥಟ್ಟನೆ ಹೇಳಿದಳು: ‘ನಾ ಆ ಲಾಳಾ ಕಟ್ಟೋ ಕಮ್ಮಾರನ್ನ ಮದುವಿ ಆಗತೇನಿ. ಇವತ್ತ. ಯಾರಿಗೂ ಹೇಳಂಗಿಲ್ಲ.’

ಕಮ್ಮಾರನ ಬಾಯಿಯೂ ಮಾಲಕನದೇ. ಅವನು ಗಾಬರಿಯಾದ. ‘ತಡೀರಿ, ಕಮ್ಮಾರನ್ನ ಕೇಳಬೇಕಲ್ರಿ.’

‘ಕೇಳ್ರಿ ಮತ್ತ.’

ಮಾಲಕ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಮ್ಮಾರನಾದ. ‘ಹೂಂ ಅಂತಾನ್ರಿ. ಆದ್ರ ಭಾಳ ಹೆದರ್ಯಾನ.’

ಕೋಟೆಯ ಹೊರಗಿನ ಬಿದ್ದ ಗುಡಿಯಲ್ಲಿ ಮದುವೆ. ಮಂತ್ರ ಹೇಳಬೇಕಾದವನು ನಾನು. ನನಗೆ ಒಂದೂ ಬರುತ್ತಿರಲಿಲ್ಲ. ನಮ್ಮ ಸಿಲಬಸ್ಸಿನ ಅಧ್ಯಾಯಗಳ ಹೆಸರುಗಳನ್ನೇ ಮೂಗಿನಿಂದ ರಾಗವಾಗಿ ಹೇಳಿದೆ: ಸಾಮಾಜಿಕ ಶ್ರೇಣೀಕರಣ, ಸಾಮಾಜಿಕ ಚಲನಶೀಲತೆ. ಅವಳು ನಗು ತಡೆಯಲಾರದೆ ಓಢಣಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ, ನಮ್ಮ ಕಡೆಯ ಮದುವೆಗಳಲ್ಲಿ ಎಲ್ಲರ ಕಿವಿಗೂ ಗೊತ್ತಿರುವ ಆ ಒಂದು ಕೂಗನ್ನು ಎಳೆದು ಕೂಗಿದೆ: ‘ಸಾವಧಾನ!’

ಕಾಕಾನ ಕೈ ಎದ್ದಿತು. ಆಟದಲ್ಲಿ ಅವನು ಕೋಟೆಯೊಳಗೆ ಮಲಗಿದ್ದ. ಕಾವಲಿಗೆ ಹಚ್ಚಲೆಂದು ಹಿಡಿ ತುಂಬ ಜೋಳ ಹಿಡಿದು ಕೂತಿದ್ದ, ಅಷ್ಟೆ. ಆದರೆ ಹುಟ್ಟಿದಾಗಿನಿಂದ ಆ ಕೂಗಿಗೆ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಿದ ಕೈ ಅದು. ಯಾರ ಅಪ್ಪಣೆಗೂ ಕಾಯಲಿಲ್ಲ. ಜೋಳ ಹೋಗಿ ಅವಳ ತಲೆ, ಹೆಗಲು, ಮಡಿಲ ಮೇಲೆ ಬಿತ್ತು.

‘ಲೇ, ಕಾಕಾ ಕ್ವಾಟ್ಯಾಗ ಗೊರಕಿ ಹೊಡ್ಯಾಕತ್ತಾನ,’ ಎಂದ ಮಾಲಕ. ‘ನಿನ್ನ ಕೈ ಇಲ್ಲ್ಯಾಕ ಬಂತು?’

‘ಸಾವಧಾನ ಅಂದಮ್ಯಾಲೆ ಕೈ ಹೆಂಗ ನಿಂದರತೈತಿ? ನಿಮ್ಮ ಪೂಜಾರಿಗಿ ಮೆತ್ತಗ ಅನ್ನಾಕ ಹೇಳು.’

ಎಲ್ಲರೂ ನಕ್ಕೆವು. ಅವಳು ಎದ್ದು ಓಢಣಿ ಝಾಡಿಸಿದಳು. ಅಷ್ಟರಲ್ಲಿ ಏಣಿಯ ಮೇಲೆ ಮಾಲಕನ ತಂದೆಯ ತಲೆ ಕಾಣಿಸಿತು.

‘ಯಾರ ಮದುವಿಪಾ?’

‘ದೇಸಾಯರ ಮಗಳದ್ದು, ಅಬ್ಬಾ.’

‘ಊಟಕ್ಕ ಕರದಾರೇನು?’

‘ಇಲ್ಲ. ಕದ್ದ ಮಾಡಾಕತ್ತಾರ.’

‘ಹಂಗಾರ ಸಣ್ಣಾಗ ಒದರ್ರಿ,’ ಎಂದು ಅವರು ಇಳಿದುಹೋದರು.

ಗುಟ್ಟು ಹೆಚ್ಚು ವಾರ ಉಳಿಯಲಿಲ್ಲ. ಕಮ್ಮಾರನ ತಾಯಿ ಬಾವಿಯ ಹತ್ತಿರ ಸೊಸೆಯ ಬಣ್ಣ ಹೊಗಳಿಕೊಂಡಳು ಎಂದು ಮಾಲಕ ಸಾರಿದ. ಆಮೇಲಿನದನ್ನು ಅವನು ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ರೈತರು ನೇಗಿಲ ಗುಳ ಹಣಿಸಿ ಹರಿತ ಮಾಡಿಸಲು ಬೇರೆ ಊರಿಗೆ ಹೋಗತೊಡಗಿದರು. ಕಮ್ಮಾರರ ಓಣಿಗೆ ಕೋಟೆಯ ಬಾವಿಯ ನೀರು ಬಂದ್ ಆಯಿತು. ನನ್ನ ಗುಡಿಗೆ ಬೀಗ ಬಿತ್ತು. ದೇಸಾಯರ ಕಿರಿಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದು ಕುಪ್ಪಸದ ಖಣ, ತೆಂಗಿನಕಾಯಿ ತಿರುಗಿ ಬಂದವು. ಇಷ್ಟೆಲ್ಲ ಯಾರೂ ಕತ್ತಿ ಎತ್ತದೆ ಆಯಿತು. ಹಾವಿನ ಬೆಂಕಿಗೆ ನಾವು ಅಷ್ಟು ಹೆದರಿರಲಿಲ್ಲ.

ಅವಳು ಒಂದಕ್ಕೂ ಜಗ್ಗಲಿಲ್ಲ. ನೀರು ನಿಂತರೆ ಹಳ್ಳದಿಂದ ತಂದಳು. ಓಣಿಯ ಹುಣಸೆಬೀಜಗಳನ್ನು ಒಂದೊಂದಾಗಿ ತನ್ನ ಕಡೆಗೆ ಸರಿಸಿಕೊಂಡಳು.

ಆಗ ಕಾಕಾ ತನ್ನ ಜಾಣ ನಡೆ ನಡೆಸಿದ. ಕೊಲ್ಲಲಿಲ್ಲ, ಗಡಿಪಾರು ಮಾಡಲಿಲ್ಲ. ಡಂಗುರ ಹೊಡೆಸಿದ: ಅಂಥ ಮದುವೆ ಆಗಿಯೇ ಇಲ್ಲ. ಮನೆತನದವರು ಒಬ್ಬರೂ ಇರಲಿಲ್ಲ, ಅಕ್ಕಿಕಾಳು ಹಾಕಿದವರಿಲ್ಲ, ಬಿದ್ದ ಗುಡಿಯಲ್ಲಿ ಹುಡುಗಿ ಪೂಜೆಗೆ ಹೋಗಿದ್ದಳು ಅಷ್ಟೆ. ಮುಂದಿನ ಕೋಟೆಯ ದೇಸಾಯಿಗೆ ಅವಳನ್ನು ಕೊಡುವುದು.

‘ಇದು ನಡೀತೈತೇನು?’ ಎಂದು ಅವಳು ಮಾಲಕನನ್ನು ಕೇಳಿದಳು.

ಮಾಲಕ ತಲೆ ಕೆರೆದುಕೊಂಡ. ‘ನಡೀತೈತ್ರಿ. ಇಂಥಾದ್ದ ಭಾಳ ನಡೀತೈತಿ.’

ಅವಳ ಮುಖ ಬದಲಾದದ್ದು ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಅವಳು ಕಾಕಾನ ಕಡೆ ತಿರುಗಿದಳು.

‘ಹೊರಗ ಹಾಕ್ರಿ, ಒಪ್ಪತೇನಿ. ನೀರು ಬಂದ್ ಮಾಡ್ರಿ, ಒಪ್ಪತೇನಿ. ಆಗೇ ಇಲ್ಲ ಅನಬ್ಯಾಡ್ರಿ.’

‘ಬರೇ ಆಟ ಐತ್ರಿ ಇದು,’ ಎಂದ ಕಾಕಾ. ‘ಯಾಕಷ್ಟು ಮನಸ್ಸಿಗಿ ಹಚಗೋತೀರಿ?’

‘ಮನ್ಯಾಗ ನನ್ನ ಯಾರೂ ಕೇಳೂದಿಲ್ಲ. ವರಾ ನೋಡಾಕತ್ತಾರ, ಚಾ ತಂದಿಡು ಅಂತಾರ, ಅಷ್ಟ. ವಾರಕ್ಕೊಮ್ಮೆ ಇಲ್ಲಿ ಬಂದು ನಾ ಹೂಂ ಅಂದದ್ದು ಹೂಂ, ಊಹೂಂ ಅಂದದ್ದು ಊಹೂಂ. ಅದನ್ನೂ ಅಳಸತೀರಿ ಅಂದ್ರ ನಾ ಇಲ್ಲಿಗಿ ಯಾಕ ಬರ್ಲಿ? ಮುಂದಿನ ವಾರದಿಂದ ಬರೂದಿಲ್ಲ.’

ಅವಳು ಚಪ್ಪಲಿಗೆಂದು ಏಣಿಯ ಕಡೆ ನಡೆದಳು. ಅವಳು ಹೋದರೆ ಆಟ ಹೋಗುತ್ತಿತ್ತು, ಅದು ನಮಗೆಲ್ಲ ಗೊತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಹೇಳಿದೆನೆಂದೇ ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಏಣಿಯ ಹತ್ತಿರ ನಿಂತು ತಿರುಗಿದವಳು ಅವಳೇ.

‘ನೀವ ಅಕ್ಕಿಕಾಳು ಹಾಕೀರಿ.’

‘ಅದನ್ನ ನಾ ಹಾಕೇನ್ರಿ, ಕಾಕಾ ಅಲ್ಲ. ಕಾಕಾ ಮಲಗಿದ್ದ.’

‘ಖರೇ. ಕಾಕಾ ಮಲಗಿದ್ದ. ಹಾಕಿದ್ದು ಏನ್ರಿ?’

‘ಜ್ವಾಳ.’

‘ಈ ಆಟದಾಗ ಜ್ವಾಳ ಅಂದ್ರ ಏನ್ರಿ?’

ಉತ್ತರ ಮಾಲಕನಿಂದ ಬಂತು, ಅವನು ಆಗಲೇ ತೊಡೆ ತಟ್ಟಿಕೊಂಡು ನಗುತ್ತಿದ್ದ.

‘ದಂಡು! ಲೇ, ನಿನ್ನ ದಂಡು ಮದುವಿಗಿ ಹೋಗೇತಿ!’

‘ಹುಚ್ಚರಂಗ ಮಾತಾಡಬ್ಯಾಡ. ಪುಸ್ತಕದಾಗ ಐತೇನಿದು?’

‘ಪುಸ್ತಕದಾಗ ಮದುವೀನ ಇಲ್ಲ. ಬರೇ ಹಾವು ಅದಾವ.’ ಮಾಲಕ ನಗು ನಿಲ್ಲಿಸಿದ. ತೀರ್ಪು ಕೊಡುವಾಗ ಅವನು ಹಾಗೆ ಬೆನ್ನು ನೆಟ್ಟಗೆ ಮಾಡುತ್ತಿದ್ದ. ‘ನಮ್ಮಲ್ಲಿ ನಿಖಾಕ್ಕ ಇಬ್ಬರು ಸಾಕ್ಷಿ ಸಾಕು. ಇಲ್ಲಿ ಹಿಡಿ ತುಂಬ ಸಿಪಾಯಿಗೋಳು ನಿಂತಾರ. ನಿನ್ನ ಉಪ್ಪು ಉಣ್ಣೋರು ಬಂದ್ರಂದ್ರ ನಿನ್ನ ಮನಿ ಬಂದಂಗ. ಮದುವಿ ಆಗೇತಿ.’

‘ಅವ್ರು ನನ್ನ ಮಾತು ಮೀರಿ ಹ್ಯಾಂಗ ಹೋದ್ರು?’

‘ನೀನ ಕಳಿಸಿದಿ. ನಿನ್ನ ಕೈಲೇ.’

ಅವಳು ಚಪ್ಪಲಿ ಬಿಟ್ಟು ಬಂದು ತನ್ನ ಜಾಗದಲ್ಲಿ ಕೂತಳು. ಮಾಲಕ ಬಾವಿ ಬಿಟ್ಟುಕೊಡಲು ಹೊರಟ; ಅವಳು ಬೇಡವೆಂದಳು. ಶಿಕ್ಷೆಯೆಲ್ಲ ಹಾಗೇ ಇರಲಿ, ಮದುವೆಯೂ ಇರಲಿ ಎಂದಳು. ಕೋಟೆ ಬಿಟ್ಟು ಕುಲುಮೆಯ ಓಣಿಯಲ್ಲಿ ಸಂಸಾರ ಹೂಡಿದಳು. ಕಮ್ಮಾರ ಕೋಟೆಯ ಕೆಲಸ ನಿಲ್ಲಿಸಿದ. ಲಾಳ ಇಲ್ಲದೆ ಕಾಕಾನ ಕುದುರೆಗಳು ಕಲ್ಲುದಾರಿಯಲ್ಲಿ ಕುಂಟತೊಡಗಿದವು.

ಕಾಕಾ ಕೆಲವು ಭಾನುವಾರ ಬರಲೇ ಇಲ್ಲ. ನಾವು ಮೂವರೇ ಹಾವಿನ ಬೆನ್ನು ಹತ್ತಿ ಕಾಲ ಕಳೆದೆವು. ಮತ್ತೆ ಬಂದವನು ಯಾರ ಮುಖವನ್ನೂ ನೋಡದೆ ಕೂತು, ಮಾತಾಡುವ ಕುದುರೆಗೆ ಲಾಳ ಕಟ್ಟಿಸಲು ಕಮ್ಮಾರರ ಓಣಿಗೆ ಇಳಿಯುತ್ತೇನೆ ಎಂದ. ಕುಲುಮೆಯ ಮುಂದೆ ಕುದುರೆ ನಿಂತುಬಿಟ್ಟಿತು.

‘ಮೊದ್ಲ ಮಗಳನ್ನ ಮಾತಾಡ್ಸು,’ ಎಂದಿತು ಕುದುರೆ, ಮಾಲಕನ ಬಾಯಿಂದ. ‘ಆಮ್ಯಾಲ ಕಾಲು ಎತ್ತತೇನಿ.’

ಕಾಕಾ ಹಿತ್ತಾಳೆ ದಾಳವನ್ನು ಅಂಗೈಯಲ್ಲಿ ತಿರುಗಿಸಿ ಕೆಳಗಿಟ್ಟ. ಅದನ್ನು ಉರುಳಿಸುವ ಹಾಗಿರಲಿಲ್ಲ. ಇದಕ್ಕೆ ದಾಳ ನಡೆಯುವುದಿಲ್ಲ.

‘ಆರಾಮ ಅದೀಯೇನವಾ?’

‘ಆರಾಮ, ಕಾಕಾ. ಒಳಗ ಬರ್ರಿ.’

ಅವಳು ಆಮೇಲೂ, ನಮ್ಮ ಎಂ.ಎ. ಮುಗಿಯುವವರೆಗೆ, ಬರುತ್ತಲೇ ಇದ್ದಳು.

ಇದನ್ನು ಹೇಳಿದಾಗಲೆಲ್ಲ ಕೇಳುವವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ನಿನಗೆ ಅವಳ ಮೇಲೆ ಮನಸ್ಸಿತ್ತೇ? ಇರಲಿಲ್ಲ. ಇದ್ದಿದ್ದರೆ ಕಮ್ಮಾರನ ಪಾತ್ರ ಕೇಳುತ್ತಿದ್ದೆ, ಪೂಜಾರಿಯಾಗಿ ಸಿಲಬಸ್ಸು ಒದರುತ್ತಿರಲಿಲ್ಲ. ಇನ್ನೊಂದು, ಖರೇ ಬದುಕಿನಲ್ಲಿ ಅವಳು ಯಾರನ್ನು ಮದುವೆಯಾದಳು, ಮನೆಯವರ ಮಾತು ಮೀರಿದಳೋ ಇಲ್ಲವೋ? ಅದನ್ನು ನಾನು ಹೇಳುವುದಿಲ್ಲ. ಹೇಳಿದ ಕೂಡಲೇ ನೀವು ಅಟ್ಟದ ಮೇಲಿನದನ್ನು ಆ ಮದುವೆಯ ತಾಲೀಮು ಎನ್ನುತ್ತೀರಿ, ಗೆದ್ದಳು ಸೋತಳು ಎಂದು ಅಳೆಯುತ್ತೀರಿ. ಅದು ತಾಲೀಮಲ್ಲ. ಆ ದಿನ ಅವಳು ತನ್ನ ಮಾತನ್ನು ಅಳಿಸಗೊಡಲಿಲ್ಲ. ಅದರ ಹಿಂದೆ ಮುಂದೆ ಏನೂ ಜೋಡಿಸದೆಯೂ ಅದು ನಿಲ್ಲುತ್ತದೆ. ನಿಲ್ಲದು ಎನ್ನುವ ಪಂಡಿತರ ಜೊತೆ ನಾನು ಇವತ್ತಿಗೂ ಜಗಳಕ್ಕೆ ತಯಾರಿದ್ದೇನೆ.

ಆದರೆ ನನ್ನೊಳಗಿನ ಪಂಡಿತ ಬೇರೆ ಕಡೆ ಚುಚ್ಚುತ್ತಿದ್ದ. ದಂಡಿಗೆ ಜೋಳ, ಅಕ್ಕಿಕಾಳಿಗೂ ಅದೇ ಜೋಳ: ಇಷ್ಟು ಚೆಂದ ಕೂಡಿ ಬಂದದ್ದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಎರಡು ಸಾವಿರದ ಇಸವಿಯ ನಂತರ ಒಂದು ಮದುವೆಯಲ್ಲಿ ಕಾಕಾ ಸಿಕ್ಕ. ಅಪ್ಪನ ದಲಾಲಿ ಅಂಗಡಿ ಆಗ ಅವನದಾಗಿತ್ತು. ಕೈಯಲ್ಲಿ ಅಕ್ಕಿಕಾಳು ಹಿಡಿದು ಮುಹೂರ್ತಕ್ಕೆ ಕಾಯುತ್ತಿದ್ದ. ಕೇಳಿದೆ.

‘ನಾ ಒಗದೇ ಇಲ್ಲಪಾ,’ ಎಂದ. ‘ಹುಣಸಿಬೀಜ ಇದ್ವು ಆಟದಾಗ, ಜ್ವಾಳ ಎಲ್ಲಿದು? ನೀ ಕಲತಾಂವ ಅದಿ, ಕಥಿ ಛಲೋ ಕಟ್ಟತಿ.’

ಮಂಟಪದಿಂದ ‘ಸಾವಧಾನ’ ಕೇಳಿತು. ಅವನ ಕೈ ಮಾತಿನ ನಡುವೆಯೇ ಎದ್ದಿತು. ಅದು ಪುರಾವೆ ಅಲ್ಲ ಎಂದು ನನಗೆ ಗೊತ್ತು; ಅಲ್ಲಿ ಎಲ್ಲರ ಕೈಯೂ ಎದ್ದಿತ್ತು.

ಮಾಲಕನಿಗೆ ತೀರ್ಪು ನೆನಪಿತ್ತು, ಜೋಳ ನೆನಪಿರಲಿಲ್ಲ. ಅವಳನ್ನು ನಾನು ಕೇಳಲಿಲ್ಲ. ನಿನ್ನ ಮದುವೆ ಆಗಿತ್ತೇ ಎಂದು ಅವಳನ್ನು ಮತ್ತೊಬ್ಬ ಕೇಳುವುದು ನನಗೆ ಬೇಕಿರಲಿಲ್ಲ.

ಮುಂದೆ ಕೆಲವು ವರ್ಷಕ್ಕೆ ಮಾಲಕ ಲೇಥ್ ಅಂಗಡಿಯನ್ನು ದೊಡ್ಡ ಜಾಗಕ್ಕೆ ಸಾಗಿಸಿದ. ಹಳೆಯ ಅಟ್ಟ ಬಿಚ್ಚುವ ದಿನ ನಾನು ಹೋಗಿ ನಿಂತೆ. ಹಲಗೆಗಳ ಕೆಳಗೆ ಸೀಲಿಂಗಿಗೆ ತಗಡು ಬಡಿದಿದ್ದರು, ಸಂದಿಯಲ್ಲಿ ಬಿದ್ದದ್ದು ಅಲ್ಲೇ ಕೂತಿತ್ತು. ಏಣಿಯ ಕಡೆ, ಕಾಕಾ ಕೂಡುತ್ತಿದ್ದಲ್ಲಿನ ಹಲಗೆಗಳನ್ನು ಮೊದಲು ಎತ್ತಿಸಿದೆ: ಬೀಡಿ ತುಂಡು, ಹುಣಸೆಬೀಜ, ಕಬ್ಬಿಣದ ಚೂರು. ಆಮೇಲೆ ಕಿಟಕಿಯ ಕಡೆಯವು, ಅವಳು ಕೂಡುತ್ತಿದ್ದ ಜಾಗ. ತಗಡಿನ ಮೇಲೆ ನುಸಿ ತಿಂದು ಟೊಳ್ಳಾದ ಕಾಳುಗಳು ಹರಡಿದ್ದವು. ಬೆರಳಿನಿಂದ ಒತ್ತಿದರೆ ಹಿಟ್ಟಾಗುವಷ್ಟು ಹಳೆಯವು. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ, ಮಾಲಕನ ಕೈಗೂ ಕೊಟ್ಟು ನೋಡಿಸಿದೆ. ಜೋಳ.