ಕಂತಿಗೆ ಮೊದಲು ದಂಡ

ಪಾಲಕ್ಕ, ನಿಮ್ಮ ಸ್ವಂತ ಮಗ್ಗ ಹೋದದ್ದು ನಿಮ್ಮ ತಪ್ಪಿನಿಂದಲ್ಲ. ದುಡ್ಡು ಎಲ್ಲಿ ಸೋರುತ್ತಿದೆ ಎಂದು ನನಗೆ ಗೊತ್ತಿತ್ತು. ನೀವು ಕೇಳಿದಾಗ ಸುಳ್ಳು ಹೇಳಿದೆ.

ಆಗ ನಾನು ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಮೊಳಕಾಲ್ಮುರಿನ ಬ್ಯಾಂಕಿಗೆ ಬರುತ್ತಿದ್ದೆ. ಬೆಳಿಗ್ಗೆ ರೊಟ್ಟಿ ತಟ್ಟಿ, ಡಬ್ಬಿ ಕಟ್ಟಿ, ಕೌಂಟರಿನಲ್ಲಿ ಕೂತರೆ ಸಂಜೆಯವರೆಗೆ ಅದೇ ಕುರ್ಚಿ. ಮದುವೆಯಾದಾಗಿನಿಂದ ಸಾಹುಕಾರರ ಮನೆಯಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯ್ದವರು ನೀವು. ನಮ್ಮಲ್ಲಿ ಸಾಲ ತೆಗೆದು ನಿಮ್ಮದೇ ಮಗ್ಗ ಹಾಕಿಸಿದ ವಾರ ನಮಗೆಲ್ಲ ಮಂಡಕ್ಕಿ, ಬೆಲ್ಲ ತಂದು ಹಂಚಿದ್ದಿರಿ.

ಕಂತು ಎಳೆದುಕೊಳ್ಳುವುದು ಪ್ರತಿ ತಿಂಗಳ ಐದಕ್ಕೆ. ಆದರೆ ನೇಯುವವರಿಗೆ ದುಡ್ಡು ಬರುವುದು ಸೀರೆ ಮಗ್ಗದಿಂದ ಇಳಿದಾಗ — ಥಂಡಿಗೆ ನೂಲು ಬಿಗಿದರೆ, ಜರಿ ಬರುವುದು ತಡವಾದರೆ, ಐದು ದಾಟಿಹೋಗುತ್ತದೆ. ಹಾಗೆ ಒಂದು ತಿಂಗಳು ಖಾತೆ ಬರಿದಾಗಿತ್ತು. ದಂಡ ಬಿತ್ತು.

ಅಲ್ಲಿಂದ ಶುರು. ನಿಮ್ಮ ಮನೆಯ ಶಿಸ್ತು ನನಗೆ ಗೊತ್ತು: ಸೀರೆಯ ದುಡ್ಡು ಕೈಗೆ ಬಂದ ಕೂಡಲೇ ನೂಲಿಗೊಂದು, ರೇಶನ್ನಿಗೊಂದು, ಕಂತಿಗೊಂದು ಗಂಟು ಕಟ್ಟುತ್ತಿದ್ದಿರಿ. ಒಂದರದ್ದನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಕಂತಿನ ಗಂಟಿನಲ್ಲಿ ಕಂತಿನಷ್ಟೇ ದುಡ್ಡು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ಬ್ಯಾಂಕಿಗೆ ಕಟ್ಟಿದ ಗಳಿಗೆಯಲ್ಲೇ ಕಂಪ್ಯೂಟರು ಹಳೆಯ ದಂಡವನ್ನು ಮೊದಲು ಮುರಿದುಕೊಳ್ಳುತ್ತಿತ್ತು. ಉಳಿದದ್ದು ಕಂತಿಗೆ ಸ್ವಲ್ಪ ಕಡಿಮೆ. ಕಡಿಮೆ ಬಿದ್ದದ್ದಕ್ಕೆ ಮತ್ತೊಂದು ದಂಡ. ನೀವು ತಿಂಗಳು ತಿಂಗಳೂ ಪೂರ್ತಿ ಕಟ್ಟುತ್ತಲೇ ಇದ್ದಿರಿ, ಸಾಲ ಮಾತ್ರ ಬಾಕಿಯಾಗುತ್ತಲೇ...

ಇಂಥ ದಂಡವೆಲ್ಲ ಬ್ರಾಂಚಿನ ಆದಾಯ ಎಂದು ಮ್ಯಾನೇಜರು ಹೇಳಿದ್ದರು. ಕೇಳಿದವರಿಗೆ ಹೇಳಿ, ಕೇಳದವರಿಗೆ ನೀವಾಗಿ ಬಿಡಿಸಿ ಹೇಳುತ್ತಾ ಕೂರಬೇಡಿ ಎಂದೂ ಹೇಳಿದ್ದರು.

ಆದರೆ ನೀವು ಕೇಳಿದಿರಿ.

"ಅಮ್ಮಾರೆ, ಕಂತು ಪೂರಾ ಕಟ್ಟೀನಿ. ಮತ್ತೆ ದಂಡ ಅಂತ ಮೆಸೇಜು ಬಂದೈತೆ. ನಿಮ್ ಕಂಪ್ಯೂಟರ್‌ಗೆ ಹೊಟ್ಟೆಬಾಕ್ತನ ಏನ್ರೀ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಒಮ್ಮೆ ಹಳೆಯ ದಂಡ ತುಂಬಿಬಿಡಿ, ಕಂತಿನ ತಾರೀಖು ಬದಲಿಸಲು ಒಂದು ಅರ್ಜಿ ಕೊಡಿ — ಇಷ್ಟು ಹೇಳಿದ್ದರೆ ಸಾಕಿತ್ತು. ಹಿಂದಿನ ಮೇಜಿನಲ್ಲಿ ಮ್ಯಾನೇಜರು ತಲೆಯೆತ್ತಿ ನೋಡುತ್ತಿದ್ದರು.

"ಬ್ಯಾಂಕಿನ ರೂಲ್ಸು ಪಾಲಕ್ಕ. ಏನೂ ಮಾಡಾಕಾಗಲ್ಲ," ಎಂದೆ.

ನೀವು ನಂಬಿದಿರಿ. ಅದೇ ಈಗಲೂ ನನ್ನನ್ನು —

ನಿಮ್ಮ ಯಜಮಾನರು ಒಂದು ದಿನ ಜೊತೆಗೆ ಬಂದಿದ್ದರು. ಕಂತಿನ ದುಡ್ಡನ್ನು ನೀವು ತವರಿಗೆ ದಾಟಿಸುತ್ತಿದ್ದೀರಿ ಎಂದು ಅವರ ಗುಮಾನಿ. "ಬ್ಯಾಂಕ್ನೋರು ಸುಳ್ಳು ಹೇಳ್ತಾರೇನೆ?" ಎಂದು ಎಲ್ಲರೆದುರು ಕೇಳಿದರು. ನಾನು ತಲೆ ತಗ್ಗಿಸಿ ಸೀಲು ಒತ್ತುತ್ತಿದ್ದೆ. ಒತ್ತಬೇಕಾದ ಚೀಟಿ ಒಂದೂ ಇರಲಿಲ್ಲ.

ಆ ವರ್ಷ ಆದಾಯದಲ್ಲಿ ನಮ್ಮ ಬ್ರಾಂಚು ಮುಂದಿತ್ತು. ಎಲ್ಲರಿಗೂ ಸ್ವೀಟ್ ಬಾಕ್ಸ್ ಕೊಟ್ಟರು. ಮನೆಗೆ ತಂದೆ, ಮಕ್ಕಳೊಂದಿಗೆ ಕೂತು ತಿಂದೆ. ಮುಂದಿನ ದೀಪಾವಳಿಗೆ ಮೊದಲೇ ನೀವು ಮಗ್ಗ ಮಾರಿ ಸಾಲ ತೀರಿಸಿದಿರಿ.

ಹೋದ ತಿಂಗಳು ಅಣ್ಣನ ಮಗಳ ಧಾರೆ ಸೀರೆಗೆಂದು ಸಾಹುಕಾರರ ಮನೆಗೆ ಬಂದಿದ್ದೆ. ಗೋಡೆ ಪಕ್ಕದ ಮಗ್ಗದಲ್ಲಿ ನೀವಿದ್ದಿರಿ. ಕೂಲಿಗೆ. ಲಾಳಿ ನಿಲ್ಲಿಸಿ, ನನ್ನನ್ನು ಕೂರಿಸಿ, ಟೀ ತರಿಸಿದಿರಿ. ಸಾಹುಕಾರರ ಹೆಂಡತಿಗೆ ನನ್ನ ಪರಿಚಯ ಹೇಳಿದಿರಿ.

"ಭಾಳ ಒಳ್ಳೇರು ಈ ಅಮ್ಮಾರು. ನಂಗೇ ದುಡ್ಡು ನಡೆಸಾಕೆ ಬರ್ಲಿಲ್ಲ."

ಟೀ ಕುಡಿದೆ. ಸೀರೆ ಆರಿಸಿದೆ. ಬಸ್ಸು ಹತ್ತಿದೆ.

ಮ್ಯಾನೇಜರು ಹೇಳಿದ್ದಕ್ಕೆ ಎಂದು ಬರೆದುಕೊಂಡರೆ ನನಗೆ ಹಗುರ. ಆದರೆ ನಿಮ್ಮ ಮುಖ ನೋಡಿ ಆ ಮಾತು ಆಡಿದ್ದು ಅವರಲ್ಲ, ನಾನು.

ಈ ಭಾನುವಾರ ನಿಮ್ಮ ಮನೆಗೇ ಬರುತ್ತೇನೆ, ನಿಮ್ಮ ಯಜಮಾನರೂ ಅತ್ತೆಯೂ ಇರುವ ಹೊತ್ತಿಗೆ. ಪಾಲಕ್ಕ ಒಂದು ರೂಪಾಯಿಯನ್ನೂ ಎತ್ತಿಡಲಿಲ್ಲ, ತಿಂದದ್ದು ನಮ್ಮ ಬ್ಯಾಂಕು, ಗೊತ್ತಿದ್ದೂ ಮುಚ್ಚಿಟ್ಟವಳು ನಾನು ಎಂದು ಅವರೆದುರೇ ಹೇಳುತ್ತೇನೆ. ಮಗ್ಗ ವಾಪಸು ಬರುವುದಿಲ್ಲ, ಗೊತ್ತು. ಎದ್ದು ಹೋಗು ಎಂದರೆ ಹೋಗುತ್ತೇನೆ. ಹೇಳಿ ಮುಗಿಸುವವರೆಗೆ ಮಾತ್ರ ಏಳುವುದಿಲ್ಲ.