ಕಿವಿಗೆ ಹೇಳಿದ ಗುಟ್ಟುಗಳು

ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಪುಳ್ಳಿ ಹುಟ್ಟಿದಳು. ಮೊಮ್ಮಗಳೆಂದರೆ ನನಗೆ ಎಷ್ಟು ಖುಷಿ ಎಂದು ಬರೆಯಲು ನಾನು ಓದಿದ ಐದನೇ ಕ್ಲಾಸು ಸಾಲುವುದಿಲ್ಲ.

ಎಂಬತ್ತರ ದಶಕದಲ್ಲಿ, ಅವಳು ಎರಡನೇ ಕ್ಲಾಸಿಗೆ ಹೋಗುವಾಗ, ನನ್ನ ಕಿವಿ ಕೈಕೊಟ್ಟಿತ್ತು. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ತಗಡು ಬಡಿದವ ನಾನು. ಆ ಗದ್ದಲದಲ್ಲಿ ನಾವೆಲ್ಲ ಒಬ್ಬರ ಬಾಯಿ ಒಬ್ಬರು ನೋಡಿಯೇ ಮಾತಾಡುತ್ತಿದ್ದೆವು. ಮನೆಯಲ್ಲೂ ಹಾಗೆಯೇ ಸುಧಾರಿಸುತ್ತಿದ್ದೆ. ಮಗಳಿಗೆ ಅದು ಗೊತ್ತಿರಲಿಲ್ಲ. "ಅಜ್ಜನಿಗೆ ಕಿವಿಯ ಹತ್ತಿರ ಹೋಗಿ ಹೇಳು ಮಗಾ" ಎಂದು ಕಲಿಸಿಬಿಟ್ಟಳು.

ಪುಳ್ಳಿ ನನ್ನ ತೊಡೆ ಹತ್ತಿ, ಕುತ್ತಿಗೆ ಹಿಡಿದು, ಕಿವಿಗೆ ಬಾಯಿಟ್ಟು ಹೇಳುತ್ತಿದ್ದಳು. ಸಪೂರ ಸ್ವರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆದರೆ ಆ ಬಿಸಿ ಉಸಿರು, ತಲೆಯ ತೆಂಗಿನೆಣ್ಣೆಯ ವಾಸನೆ! ಮುಖ ನೋಡಲೆಂದು ಅವಳನ್ನು ಕೆಳಗಿಳಿಸಲು ನನಗೆ ಮನಸ್ಸೇ ಬರಲಿಲ್ಲ. ಎಲ್ಲದಕ್ಕೂ "ಆಯ್ತು, ಆಯ್ತು" ಎಂದು ತಲೆಯಾಡಿಸುತ್ತಿದ್ದೆ.

ಒಂದು ಸಂಜೆ ಅವಳು ಶಾಲೆಯಿಂದ ಬಂದವಳೇ ಚೀಲ ಬಿಸಾಡಿದಳು.

"ಎಂತ ಆಯ್ತು?" ಎಂದಳು ಮಗಳು.

ಪುಳ್ಳಿ ನೇರ ನನ್ನ ಎದುರು ಬಂದು ನಿಂತಳು. "ಅಜ್ಜ ಸುಳ್ಳುಗಾರ! ಇವತ್ತು ಶಾಲೆಗೆ ಬರ್ತೇನೆ ಅಂತ ಹೇಳಿದ್ರಿ. ನಾನು ಪದ್ಯ ಹೇಳುವಾಗ ಗೇಟನ್ನೇ ನೋಡ್ತಾ ಇದ್ದೆ. ಪದ್ಯ ಮರ್ತೇ ಹೋಯ್ತು. ಎಲ್ಲರೂ ನೆಗಾಡಿದ್ರು."

ಅಳುತ್ತಾ ಹೇಳಿದರೂ ಒಂದೊಂದು ಮಾತೂ ತಿಳಿಯಿತು.

"ಯಾವಾಗ ಹೇಳಿದ್ದು ಮಗಾ?" ಎಂದೆ.

"ಮೊನ್ನೆ, ಕಿವಿಯಲ್ಲಿ. ಅಮ್ಮನಿಗೆ ಹೇಳ್ಬೇಡಿ, ಗುಟ್ಟು ಅಂತ. ನೀವು ಆಯ್ತು ಅಂದ್ರಿ!"

ಮಗಳು ನನ್ನನ್ನೇ ನೋಡಿದಳು. "ಕೇಳದಿದ್ರೆ ಕೇಳ್ಲಿಲ್ಲ ಅಂತ ಹೇಳ್ಬಾರ್ದಾ ಅಪ್ಪ? ಎಂತ ಮಾರಾಯ್ರೆ ನೀವು!"

ಪುಳ್ಳಿಯ ಎರಡೂ ಕೈ ಹಿಡಿದುಕೊಂಡೆ. "ಕಿವಿಯಲ್ಲಿ ಹೇಳಿದ್ರೆ ಅಜ್ಜನಿಗೆ ತಿಳಿಯುವುದಿಲ್ಲ. ನಿನ್ನ ಮುಖ ಕಾಣ್ಬೇಕು."

"ಹಾಗಾದ್ರೆ ಮೊದಲು ಹೇಳಿದ್ದೆಲ್ಲ?"

"ಒಂದೂ ಇಲ್ಲ ಮಗಾ."

ಅವಳು ಅಳು ನಿಲ್ಲಿಸಿದಳು. "ಪುನಃ ಹೇಳ್ತೇನೆ" ಎಂದು ನೆಲದಲ್ಲಿ ಕೂತು ಯೋಚಿಸಿದಳು. ಬೆಂಚಿನ ಗೆಳತಿ ಟೂ ಬಿಟ್ಟದ್ದು ನೆನಪಾಯಿತು. ಟೀಚರ ಕೊಡೆ ಗಾಳಿಗೆ ಮಗುಚಿದ್ದು ನೆನಪಾಯಿತು. ಮೂರನೇ ಬೆರಳು ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಉಳಿದದ್ದು ನಂಗೇ ಮರ್ತು ಹೋಗಿದೆ ಅಜ್ಜ."

ಒಂದು ವರ್ಷ, ದಿನಾ ಹೇಳಿದ್ದಳು. ಇನ್ನು ಅದನ್ನು ಯಾರಲ್ಲಿ ಕೇಳಲಿ?